ಮುಖಕ್ಕೆ ಎರಡು, ತುಟಿಗೆ ಮೂರು

ಚಿತ್ರಕಲಾ ಶಿಕ್ಷಕರ ಡಿಪ್ಲೊಮಾ ಮುಗಿಸಿ ಕುಂದಗೋಳಕ್ಕೆ ಮರಳಿದಾಗ ನನಗೆ ಇಪ್ಪತ್ತೆರಡು ವರ್ಷ. ಎಂಬತ್ತರ ದಶಕ ಅರ್ಧ ಕಳೆದಿತ್ತು. ನೆರಳು ಬೆಳಕಿನ ಸೂಕ್ಷ್ಮ ತಿಳಿದವಳು ಊರಿನಲ್ಲಿ ನಾನೊಬ್ಬಳೇ ಎಂದು ನನಗೆ ಖಾತ್ರಿಯಿತ್ತು. ಆ ಸೂಕ್ಷ್ಮದಿಂದ ತನಗೇನಾದರೂ ಉಪಯೋಗವಿದೆ ಎಂದು ಊರಿಗೆ ಮಾತ್ರ ಅನಿಸಿರಲಿಲ್ಲ. ಡ್ರಾಯಿಂಗ್ ಮಾಸ್ತರಿಕೆಯ ಜಾಗ ಎಲ್ಲಿ ಖಾಲಿ ಇದೆ ಎಂದು ಅಪ್ಪ ದಿನಾ ಪೇಪರು ನೋಡುತ್ತಿದ್ದರು. ಅವ್ವ ವರ ಎಲ್ಲಿ ಖಾಲಿ ಇದ್ದಾನೆ ಎಂದು ಬೀಗರ ಬಾಯಲ್ಲಿ ಕೇಳುತ್ತಿದ್ದಳು.

ಈ ಎರಡರಲ್ಲಿ ಯಾವುದೂ ಕೂಡಿಬರುವ ತನಕ ಮನೆಯಲ್ಲಿ ಕೂರುವುದು ಬೇಡವೆಂದು ನಾನು ಬಸ್‌ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋಕ್ಕೆ ಹೋಗತೊಡಗಿದೆ. ಅದರ ಮಾಲೀಕರು ಅಪ್ಪನ ಪರಿಚಯದವರು, ಐವತ್ತು ದಾಟಿದವರು. ಎಲ್ಲರಂತೆ ನಾನೂ ಅವರನ್ನು ಕಾಕಾ ಅನ್ನುತ್ತಿದ್ದೆ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹುಬ್ಬಳ್ಳಿಯಲ್ಲಿ ಆಗಲೇ ಕಲರ್ ಫಿಲ್ಮು ಬಂದಿದ್ದರೂ ನಮ್ಮ ಕಡೆ ಅದು ಇನ್ನೂ ಶ್ರೀಮಂತರ ಮದುವೆಯ ಮಾತು. ಉಳಿದವರು ಕಪ್ಪು ಬಿಳುಪು ಫೋಟೋ ತೆಗೆಸಿ, ಬೇಕಾದರೆ ಅದಕ್ಕೆ ಬಣ್ಣ ತುಂಬಿಸಿಕೊಳ್ಳುತ್ತಿದ್ದರು. ಆ ಬಣ್ಣ ತುಂಬುವ ಕೆಲಸ ನನಗೆ ಸಿಕ್ಕಿತು.

ಕೆಲಸ ಕಷ್ಟದ್ದಲ್ಲ. ಫೋಟೋವನ್ನು ಒದ್ದೆ ಮಾಡಿ, ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನೀರು ಬೆರೆಸಿದ ಬಣ್ಣವನ್ನು ಅದರಿಂದ ಮೆಲ್ಲಗೆ ಸವರಬೇಕು. ಕಾಗದ ಬಣ್ಣ ಕುಡಿಯುತ್ತದೆ. ಹೆಚ್ಚಾಯಿತೋ, ತೊಳೆದರೂ ಹೋಗುವುದಿಲ್ಲ. ಬಣ್ಣಗಳು ಒಂಬತ್ತು ಪುಟ್ಟ ಬಾಟಲಿಗಳಲ್ಲಿದ್ದವು. ಅವುಗಳ ಚೀಟಿ ನೀರು ತಾಗಿ ತಾಗಿ ಯಾವಾಗಲೋ ಉದುರಿಹೋಗಿತ್ತು. ಬಾಟಲಿಗಳನ್ನು ಇಡಲು ಕಾಕಾ ಒಂದು ಹಲಗೆ ಮಾಡಿಸಿದ್ದರು. ಅದರಲ್ಲಿ ಒಂಬತ್ತು ಕುಳಿ, ಪ್ರತಿ ಕುಳಿಯ ಮುಂದೆ ಬಿಳಿ ಪೇಂಟಿನಲ್ಲಿ ದುಂಡಗೆ ಬರೆದ ಒಂದೊಂದು ನಂಬರು. ಹಲಗೆಯ ಪಕ್ಕದಲ್ಲಿ ರಟ್ಟು ಹಾಕಿದ ಒಂದು ನೋಟುಬುಕ್ಕು.

ಮೊದಲ ದಿನ ಕಾಕಾ ಆ ನೋಟುಬುಕ್ಕನ್ನು ಎರಡೂ ಕೈಯಿಂದ ನನಗೆ ಕೊಟ್ಟರು. ತೆಗೆದು ನೋಡಿದೆ. ಪ್ರತಿ ಪುಟಕ್ಕೆ ಒಂದು ಬಗೆಯ ಫೋಟೋ. ಮದುವೆಗೆ ತೋರಿಸುವ ಹೆಣ್ಣಿನ ಪುಟದಲ್ಲಿ ಹೀಗಿತ್ತು: ಮುಖಕ್ಕ 2, ನಾಕು ಹನಿ ನೀರು. ತುಟಿಗೆ 3. ಸೀರಿಗೆ 4. ಬಂಗಾರಕ್ಕ 1. ಕೆಲಸ ಮುಗದ ಮ್ಯಾಲ ಬಾಟ್ಲಿ ಇದ್ದ ಜಾಗಾಕ್ಕ ಇಡೂದು. ತೀರಿಹೋದ ಹಿರಿಯರಿಗೆ ಒಂದು ಪುಟ, ತೊಟ್ಟಿಲಲ್ಲಿರುವ ಕೂಸಿಗೆ ಒಂದು, ನಿವೃತ್ತರಾಗುವ ನೌಕರರಿಗೆ ಒಂದು. ಬಣ್ಣದ ಹೆಸರು ಎಲ್ಲಿಯೂ ಇಲ್ಲ, ಬರೀ ನಂಬರು. ಪ್ರತಿ ಪುಟದ ಕೊನೆಗೆ ಬಾಟಲಿ ಇದ್ದ ಜಾಗಕ್ಕೆ ಇಡುವ ಅದೇ ಮಾತು.

"ಹಂಗಾದ್ರ ಎಲ್ಲಾ ಹುಡುಗ್ಯಾರ ಮಾರಿನೂ ಒಂದ ಬಣ್ಣ ಏನ್ರಿ ಕಾಕಾ?" ಎಂದು ಕೇಳಿದೆ.

"ಫೋಟೋದಾಗ ಹೌದು," ಅಂದರು.

ನನಗೆ ನಗು ಬಂತು, ಸ್ವಲ್ಪ ಕರುಣೆಯೂ ಬಂತು. ಇಷ್ಟು ವರ್ಷ ಫೋಟೋ ತೆಗೆದ ಮನುಷ್ಯನಿಗೆ ಕಣ್ಣು ತೆರೆದು ನೋಡುವ ಧೈರ್ಯವಿಲ್ಲವಲ್ಲ ಅಂದುಕೊಂಡೆ. ನೋಟುಬುಕ್ಕನ್ನು ಮುಚ್ಚಿ ಕಿಟಕಿಯಲ್ಲಿಟ್ಟೆ. ನನಗೆ ಡಿಪ್ಲೊಮಾ ಇತ್ತು.

ಡಿಪ್ಲೊಮಾದ ಮೊದಲ ಪರೀಕ್ಷೆ ವಾರದೊಳಗೇ ಆಯಿತು. ಯರಗುಪ್ಪಿಯ ಒಬ್ಬ ರೈತ ತೀರಿಹೋದ ತಂದೆಯ ಹಳೆಯ ಫೋಟೋ ದೊಡ್ಡದು ಮಾಡಿಸಿ, ಬಣ್ಣ ತುಂಬಲು ಕೊಟ್ಟು ಹೋಗಿದ್ದ. ತಂದೆಯನ್ನು ನಾನು ಕಂಡವಳಲ್ಲ. ಮಗನ ಮೈಬಣ್ಣ ನೆನಪಿಟ್ಟುಕೊಂಡು, ಬಿಸಿಲಲ್ಲಿ ದುಡಿದ ಮುಖಕ್ಕೆ ತಕ್ಕಂತೆ ಕಂದು ಬೆರೆಸಿ, ಹಣೆಯ ಗೆರೆಗಳಿಗೆ ಇನ್ನಷ್ಟು ಗಾಢ ಮಾಡಿ, ಮೂರು ದಿನ ಕೂತು ಮುಗಿಸಿದೆ. ನನ್ನ ಮಟ್ಟಿಗೆ ಆ ಮುದುಕ ಕಾಗದದಿಂದ ಎದ್ದು ಬಂದಿದ್ದ.

ಮಗ ಬಂದು ನೋಡಿದ. "ಇವ್ರು ಯಾರ್ರಿ?" ಅಂದ.

"ನಿಮ್ಮ ತಂದಿಯವ್ರು."

"ನಮ್ಮಪ್ಪ ಇಷ್ಟ ಕರ್ರಗಿದ್ನೇನ್ರಿ?"

ಬಾಗಿಲಲ್ಲಿ ನಿಂತಿದ್ದ ಅವನ ಮೇಲೆ ಬಿಸಿಲು ಬಿದ್ದಿತ್ತು. ಫೋಟೋಕ್ಕೂ ಅವನಿಗೂ ಒಂದು ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. "ನಿಮ್ಮಂಗ ಇದ್ರು ಅಂತ ಮಾಡೀನ್ರಿ," ಅಂದೆ. ಅದು ಹೇಳಬೇಕಾದ ಮಾತಾಗಿರಲಿಲ್ಲ. ಅವನ ದನಿ ಏರಿತು. ಕಾಕಾ ಎದ್ದು ಬಂದು, "ಸೋಮವಾರ ಬರ್ರಿ, ಬ್ಯಾರೆ ಮಾಡಿ ಕೊಡತೀವಿ," ಎಂದು ಅವನಿಗೆ ಚಹಾ ತರಿಸಿದರು. ಆಮೇಲೆ ನೋಟುಬುಕ್ಕನ್ನು ಕಿಟಕಿಯಿಂದ ತಂದು, ಹಿರಿಯರ ಪುಟ ತೆಗೆದು ನನ್ನೆದುರು ಇಟ್ಟು ಹೋದರು.

ಪುಟದ ಪ್ರಕಾರ ಮಾಡಿದೆ. ಮುಖಕ್ಕೆ ಎರಡು, ರುಮಾಲಿಗೆ ಒಂದು. ಗುಲಾಬಿ ಕೆನ್ನೆಯ, ಯಾವ ಹೊಲಕ್ಕೂ ಇಳಿಯದ ಒಬ್ಬ ಮುದುಕ ಸಿದ್ಧನಾದ. ಸೋಮವಾರ ಮಗ ಬಂದು ಫೋಟೋವನ್ನು ಬಹಳ ಹೊತ್ತು ನೋಡಿದ. ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡು, "ಈಗ ನೋಡ್ರಿ, ಅಗದಿ ನಮ್ಮಪ್ಪ," ಅಂದ.

ಅಂದಿನಿಂದ ನಾನು ಗಿರಾಕಿಗಳ ಫೋಟೋಗಳನ್ನು ನೋಟುಬುಕ್ಕಿನಂತೆಯೇ ಮಾಡಿದೆ. ಕುಂದಗೋಳ ತಾಲೂಕಿನ ಕನ್ಯೆಯರೆಲ್ಲ ನನ್ನ ಕೈಯಲ್ಲಿ ಅಕ್ಕತಂಗಿಯರಾದರು. ಹಟ ಉಳಿದದ್ದು ಒಂದೇ ಫೋಟೋದ ಮೇಲೆ, ಅದು ನನ್ನದು.

ಕಲಘಟಗಿಯಲ್ಲಿ ಒಂದು ಮನೆಯವರು ಹುಡುಗಿಯ ಫೋಟೋ ಕೇಳಿದ್ದಾರೆ ಎಂದು ಅವ್ವ ಸುದ್ದಿ ತಂದಳು. ಹುಡುಗ ದನದ ದವಾಖಾನೆಯಲ್ಲಿ ಕಂಪೌಂಡರ್. ಕಾಕಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದರು. ಬಣ್ಣ ನಾನೇ ತುಂಬಿದೆ. ಕನ್ನಡಿ ಎದುರಿಗಿಟ್ಟುಕೊಂಡು, ಇದ್ದದ್ದನ್ನು ಇದ್ದ ಹಾಗೆ. ನಾನು ಎರೆಮಣ್ಣಿನ ನಾಡಿನವಳು, ಬಣ್ಣವೂ ಅದರ ಹತ್ತಿರದ್ದೇ. ಯರಗುಪ್ಪಿಯವನಿಗೆ ಬೇಡವಾದ ಸತ್ಯವನ್ನು ಕಲಘಟಗಿಯವರಾದರೂ ನೋಡಲಿ ಎಂಬ ಹುರುಪು.

ಅವ್ವ ಅದನ್ನು ಹೊಸ್ತಿಲ ಬೆಳಕಿಗೆ ಹಿಡಿದಳು. "ಇದನ್ನ ಕಳಿಸಿದ್ರ ಅವ್ರು ಉತ್ತರಾನ ಬರಿಯೂದಿಲ್ಲ."

"ನಾ ಹಿಂಗ ಅದೀನಲ್ಲ?"

"ಇರೂದು ಬ್ಯಾರೆ, ಕಳಿಸೂದು ಬ್ಯಾರೆ. ಮಂದಿ ಹುಡುಗ್ಯಾರಿಗೆಲ್ಲಾ ಬೆಳ್ಳಗ ಮಾಡಿ ಕೊಡತಿ, ನಿನಗ ಮಾಡಕೊಳ್ಳಾಕ ಏನ ಧಾಡಿ?"

ಜಗಳ ಮೂರು ದಿನ ನಡೆಯಿತು. ಕೊನೆಗೆ ಅವ್ವ ಮಾತು ಬಿಟ್ಟು ಫೋಟೋವನ್ನು ಟ್ರಂಕಿನಲ್ಲಿಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಅದೇ ವಾರ ಧಾರವಾಡದಲ್ಲಿ ಡ್ರಾಯಿಂಗ್ ಶಿಕ್ಷಕರ ಹುದ್ದೆಗೆ ಸಂದರ್ಶನವಿತ್ತು. ಹೊರಡುವ ಹಿಂದಿನ ಮಧ್ಯಾಹ್ನ ಸ್ಟುಡಿಯೋದಲ್ಲಿ ಕೆಲಸವಿರಲಿಲ್ಲ. ಕಾಕಾ ಒಂದು ನಾಮಕರಣದ ಫೋಟೋ ತೆಗೆಯಲು ಕುಬಿಹಾಳಕ್ಕೆ ಹೋಗಿದ್ದರು. ಕೂತು ಕೂತು ಬೇಸರವಾಗಿ ಬಣ್ಣದ ಹಲಗೆಯನ್ನು ತೊಳೆದೆ. ಬಾಟಲಿಗಳನ್ನು ಮತ್ತೆ ಜೋಡಿಸುವಾಗ, ಕಾಲೇಜಿನಲ್ಲಿ ಕಲಿಸಿದಂತೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಸರಿಯುವ ಕ್ರಮದಲ್ಲಿ ಇಟ್ಟರೆ ಎಷ್ಟು ಚೆಂದ ಅನಿಸಿತು. ಹಳದಿ ಒಂದರಲ್ಲೇ ಉಳಿಯಿತು. ಅದರ ಪಕ್ಕ ತಿಳಿ ಹಸಿರು, ಆಮೇಲೆ ಕಡು ಹಸಿರು, ಆಮೇಲೆ ನೀಲಿ. ನೀಲಿಯೂ ಮೊದಲಿದ್ದ ನಾಲ್ಕರಲ್ಲೇ ಬಂದು ಕೂತಿತು. ಗುಲಾಬಿ, ಕೆಂಪು, ಕಂದು ಎಲ್ಲ ಆಚೆ ತುದಿಗೆ ಹೋದವು. ನಂಬರಿನ ವಿಚಾರ ತಲೆಗೆ ಬರಲಿಲ್ಲ ಎಂದರೆ ಸುಳ್ಳು, ಬಂತು. ಕಣ್ಣಿದ್ದವರಿಗೆ ನಂಬರು ಯಾಕೆ, ಬಂದ ಮೇಲೆ ಹೇಳಿದರಾಯಿತು ಅಂದುಕೊಂಡು ಬಾಗಿಲು ಹಾಕಿದೆ.

ಎರಡು ದಿನ ನಾನು ಊರಲ್ಲಿರಲಿಲ್ಲ. ಸಂದರ್ಶನದಲ್ಲಿ ಹೂವಿನ ಕುಂಡ ಬರೆಸಿ, ತಂದೆಯ ಉದ್ಯೋಗ ಕೇಳಿ ಕಳಿಸಿದರು. ಮರಳಿ ಬಂದಾಗ ಅವ್ವ ಬಹಳ ಪ್ರೀತಿಯಿಂದ ಮಾತಾಡಿಸಿದಳು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಹತ್ತು ದಿನ ಬಿಟ್ಟು ಕಲಘಟಗಿಯಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅಪ್ಪ ಜೋರಾಗಿ ಓದಿದರು. ಹುಡುಗಿಯ ಭಾವಚಿತ್ರ ತಲುಪಿತು, ಮೂಗು ಕಣ್ಣು ಲಕ್ಷಣವಾಗಿವೆ, ಮನೆತನದ ಬಗ್ಗೆಯೂ ಒಳ್ಳೆಯ ಮಾತು ಕೇಳಿದ್ದೇವೆ. ಆದರೆ ಕೇಳುವುದಕ್ಕೆ ಸಂಕೋಚ, ಹುಡುಗಿಗೆ ಈಗ ಆರೋಗ್ಯ ಹೇಗಿದೆ? ಕಾಮಾಲೆಯಾಗಿ ಎಷ್ಟು ದಿನವಾಯಿತು? ನಮ್ಮ ಕಡೆ ಅದಕ್ಕೆ ಎಲೆ ಔಷಧಿ ಕೊಡುವವರಿದ್ದಾರೆ. ಬರುವ ರವಿವಾರ ನಾವೇ ಹುಡುಗಿಯನ್ನು ನೋಡಲು ಬರುತ್ತೇವೆ, ಬರುವಾಗ ಔಷಧಿಯನ್ನೂ ತರುತ್ತೇವೆ.

"ಯಾರಿಗೆ ಕಾಮಾಲಿ?" ಅಪ್ಪ ಕೇಳಿದರು.

"ಯಾವ ಫೋಟೋ?" ನಾನು ಕೇಳಿದೆ.

ಅವ್ವ ಅಡುಗೆಮನೆಯೊಳಗೆ ಹೋದಳು. ಹಿಂದೆಯೇ ಹೋಗಿ ಬಿಡದೆ ಕೇಳಿದ ಮೇಲೆ ಬಾಯಿ ಬಿಟ್ಟಳು. ನಾನು ಧಾರವಾಡಕ್ಕೆ ಹೋದ ದಿನವೇ ಸ್ಟುಡಿಯೋಕ್ಕೆ ಹೋಗಿ, ಅದೇ ಫೋಟೋದ ಇನ್ನೊಂದು ಪ್ರತಿಗೆ ಎಲ್ಲ ಹುಡುಗಿಯರಿಗೆ ಮಾಡುವಂತೆ ಬಣ್ಣ ತುಂಬಲು ಕಾಕಾರಿಗೆ ಹೇಳಿದ್ದಳು. ಮನೆಗೆ ತಂದರೆ ನಾನು ಹರಿದು ಹಾಕುತ್ತೇನೆಂದು ವಿಳಾಸ ಬರೆದು ಕೊಟ್ಟು, ಅಲ್ಲಿಂದಲೇ ಟಪಾಲಿಗೆ ಹಾಕಿಸಿದ್ದಳು. ತಾನೂ ಅದನ್ನು ನೋಡಿರಲಿಲ್ಲ.

"ಕಾಕಾ ಬೆಳ್ಳಗ ಮಾಡ್ಯಾರ ಅಂತ ನಾ ತಿಳಕೊಂಡೀನಿ," ಅಂದಳು. "ಕಾಮಾಲಿ ಎಲ್ಲಿಂದ ಬಂತೋ ಶಿವನ ಬಲ್ಲ."

ನನಗೆ ಸಿಟ್ಟು ಎಷ್ಟಿತ್ತೆಂದರೆ ನಾಲ್ಕು ದಿನ ಸ್ಟುಡಿಯೋದ ಕಡೆ ತಲೆ ಹಾಕಲಿಲ್ಲ. ಕಾಕಾ ಗುಲಾಬಿಗೆ ಹಳದಿ ಬೆರೆಸಿರಬೇಕು ಎಂದುಕೊಂಡೆ. ಧಾರವಾಡದಿಂದ ಬಂದ ಮೇಲೂ ಬಾಟಲಿಗಳನ್ನು ಬಣ್ಣ ನೋಡಿಯೇ ಎತ್ತಿಕೊಳ್ಳುತ್ತಿದ್ದ ನನಗೆ, ಅವುಗಳ ಜಾಗ ಬದಲಿಸಿದ್ದು ಒಮ್ಮೆಯೂ ನೆನಪಾಗಲಿಲ್ಲ.

ರವಿವಾರ ಹುಡುಗ, ಅವನ ತಂದೆ, ತಾಯಿ ಮೂವರೂ ಬಂದರು. ತಾಯಿ ಎತ್ತರದ ಗಟ್ಟಿ ಹೆಂಗಸು, ಕೈಯಲ್ಲಿ ಮುತ್ತುಗದ ಎಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ. ನಾನು ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದೆ. ಬಗ್ಗಿ ತಾಟು ಇಡುವಷ್ಟರಲ್ಲಿ ಆಕೆ, "ಬಾ ಇಲ್ಲೆ, ಬೆಳಕಿಗೆ," ಎಂದು ನನ್ನ ರಟ್ಟೆ ಹಿಡಿದು ಬಾಗಿಲಿಗೆ ಕರೆದೊಯ್ದರು. ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದರು. ಒಂದು ಕಣ್ಣು ಆಯಿತು, ಇನ್ನೊಂದು ಕಣ್ಣು ಆಯಿತು.

"ನಾಲಿಗಿ ತಗಿ."

ನಾನು ತೆಗೆದೆ. ಡಿಪ್ಲೊಮಾ ಪಡೆದವಳು, ಇಡೀ ಮನೆಯ ಎದುರು ನಾಲಿಗೆ ಚಾಚಿ ನಿಂತೆ.

"ಅವ್ವಾ," ಎಂದು ಹುಡುಗ ಅಂಗಲಾಚುವ ದನಿಯಲ್ಲಿ ಅಂದ, "ಅವ್ರೇನು ಆಕಳಲ್ಲ."

"ನೀ ಸುಮ್ನಿರು. ಉಗುರು ನೋಡೂಣು." ಉಗುರನ್ನೂ ನೋಡಿ ಆಕೆ ಅವ್ವನ ಕಡೆ ತಿರುಗಿದರು. ಮುಖದಲ್ಲಿ ದೊಡ್ಡ ಸಮಾಧಾನವಿತ್ತು. "ಪೂರ್ತಾ ಹೋಗೇತ್ರಿ. ಈಗ ಖರೇ ಬಣ್ಣ ಬಂದೈತಿ. ಮೈಬಣ್ಣ ಅಂದ್ರ ಹಿಂಗ ಗಟ್ಟಿ ಇರಬೇಕು. ಫೋಟೋ ನೋಡಿ ನನಗ ಎರಡ ದಿನ ಅನ್ನ ಸೇರಿಲ್ಲ."

ಆಮೇಲೆ ಚೀಲದಿಂದ ಫೋಟೋ ತೆಗೆದರು. ಅಪ್ಪ ನೋಡಿ ನನ್ನ ಕಡೆ ಚಾಚಿದರು. ನೀಲಿ ಸೀರೆ ಉಟ್ಟು, ಹಳದಿ ಬಂಗಾರ ಹಾಕಿಕೊಂಡು, ಎಳೆ ಸೌತೆಕಾಯಿಯ ಹಸಿರು ಮುಖದ ನಾನು, ಕಡು ಹಸಿರು ತುಟಿಗಳನ್ನು ಮುಚ್ಚಿ ಕೂತಿದ್ದೆ. ಎಲ್ಲೂ ಬಣ್ಣ ಗೆರೆ ದಾಟಿರಲಿಲ್ಲ, ಬಹಳ ಅಚ್ಚುಕಟ್ಟಾದ ಕೆಲಸ.

"ಇದಕ್ಕ ಬಣ್ಣ ನೀವ ಹಚ್ಚೀರೇನ್ರಿ?" ಎಂದು ಹುಡುಗ ಕೇಳಿದ. ಅವತ್ತು ಅವನು ನನಗೆ ಕೇಳಿದ್ದು ಇದೊಂದೇ ಪ್ರಶ್ನೆ.

"ಇಲ್ರಿ," ಅಂದೆ. ಹಾಗನ್ನುತ್ತಿದ್ದಂತೆಯೇ ಹಳದಿಯ ಪಕ್ಕ ನಾನೇ ಇಟ್ಟ ತಿಳಿ ಹಸಿರಿನ ಬಾಟಲಿ ಕಣ್ಣ ಮುಂದೆ ಬಂತು.

ಅವರನ್ನು ಬಸ್ಸಿಗೆ ಹತ್ತಿಸಿದ ಕೂಡಲೇ ಸ್ಟುಡಿಯೋಕ್ಕೆ ಹೋದೆ. ಕಾಕಾ ಕ್ಯಾಮೆರಾ ಒರೆಸುತ್ತಿದ್ದರು. ಕಲಘಟಗಿಯವರು ಬಿಟ್ಟುಹೋದ ಫೋಟೋವನ್ನು ಅವರ ಮುಂದೆ ಇಟ್ಟೆ. ಬಾಟಲಿ ಅದಲುಬದಲಾದದ್ದು ನನ್ನಿಂದ ಎಂಬುದು ಸರಿ. ಆದರೆ ಹಸಿರು ಹಚ್ಚುವಾಗ ಹಸಿರು ಕಾಣಲಿಲ್ಲವೇ? ಅವ್ವನ ಮೇಲಿನ ಸಿಟ್ಟಿಗೋ ನನ್ನ ಮೇಲಿನ ಸಿಟ್ಟಿಗೋ ಬೇಕೆಂದೇ ಮಾಡಿದರೇ?

ಕಾಕಾ ಅದನ್ನು ಕಿಟಕಿಗೆ ಒಯ್ದು ನೋಡಿದರು. "ಚಲೋ ಆಗೇತಲ್ಲ?" ಅಂದರು.

ಚೇಷ್ಟೆ ಎಂದುಕೊಂಡು ಅವರ ಮುಖ ನೋಡಿದೆ. ಚೇಷ್ಟೆಯಿರಲಿಲ್ಲ. ಕೆಲಸ ಒಪ್ಪಿಸಿ ಮಾಸ್ತರರ ಮಾತಿಗೆ ಕಾಯುವ ವಿದ್ಯಾರ್ಥಿಯ ಮುಖವಿತ್ತು. ನನ್ನ ದನಿ ತಾನಾಗಿ ಇಳಿಯಿತು.

"ಕಾಕಾ, ಮಾರಿ ಯಾವ ಬಣ್ಣ ಐತ್ರಿ?"

ಅವರು ಹಲಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಬಾಗಿಲನ್ನು ಅರ್ಧ ಮುಚ್ಚಿ ಬಂದು ಸ್ಟೂಲಿನ ಮೇಲೆ ಕೂತರು.

"ಬಾಟ್ಲಿ ಸರಿಸೀದೇನ ತಂಗಿ?"

"ಹೌದ್ರಿ. ಚೆಂದ ಕಾಣಲಿ ಅಂತ ಸರಿಸಿದ್ನಿ. ಹೇಳೂದು ಮರ್ತೆ. ತಪ್ಪು ನಂದರಿ."

"ನನಗ ಕೆಂಪು ಹಸರು ಎರಡೂ ಒಂದ," ಅಂದರು. "ಹುಟ್ಟಿದಾಗಿಂದ. ರೈಲ್ವೇದಾಗ ನೌಕ್ರಿ ಆಗಿತ್ತು. ಡಾಕ್ಟರು ಚುಕ್ಕಿ ಚುಕ್ಕಿ ಇದ್ದದ್ದೊಂದು ಪುಸ್ತಕ ತೋರ್ಸಿ, ಯಾವ ಅಂಕಿ ಐತಿ ಹೇಳು ಅಂದ್ರು. ಅದರಾಗ ಅಂಕಿ ಐತಿ ಅನ್ನೂದ ನನಗ ಗೊತ್ತಾಗ್ಲಿಲ್ಲ. ಮನಿಗೆ ಕಳಿಸಿದ್ರು. ಕರಿ ಬಿಳಿ ಆದ್ರ ನಡೀತೈತಿ ಅಂತ ಈ ಧಂಧೆ ಹಿಡದೆ. ಹಿಡದ ಎರಡ ವರ್ಷಕ್ಕ ಮಂದಿ ಬಣ್ಣ ತುಂಬ್ರಿ ಅನ್ನಾಕ ಹತ್ತಿದ್ರು."

ಅವರು ನೋಟುಬುಕ್ಕನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು.

"ನಮ್ಮಾಕಿ ಬಾಟ್ಲಿ ಹಿಡಕೊಂಡು ಕುಂತು ಒಂದೊಂದ ಹೇಳಿದ್ಲು, ನಾ ಬರಕೊಂಡೆ. ಹಲಗಿ ಮ್ಯಾಲಿನ ನಂಬರ ಆಕೀನ ಬರದಾಳ. ಹೊಸಾ ಬಾಟ್ಲಿ ಹುಬ್ಬಳ್ಳಿಯಿಂದ ತಂದಾಗ ಆಕೀನ ನೋಡಿ ಕುಳಿಯೊಳಗ ಇಡತಿದ್ಲು. ಆಕಿ ಹೋದ ಮ್ಯಾಲ ಖಾಲಿ ಆಗಿದ್ದನ್ನ ಕೈಯಾಗ ಹಿಡಕೊಂಡ ಹೋಗಿ, ಇಂಥಾದ್ದ ಕೊಡ್ರಿ ಅಂತ ತರತೀನಿ. ಹಳದಿ, ನೀಲಿ ನನಗ ಕಾಣತಾವು. ಅವೆರಡೂ ಜಾಗಾದಾಗ ಇದ್ದುವು, ಅದಕ್ಕ ಸಂಶೇ ಬರಲಿಲ್ಲ."

ಅವರಿಗೆ ಕಾಣುವ ಎರಡೇ ಬಣ್ಣಗಳನ್ನು ಇದ್ದಲ್ಲೇ ಬಿಟ್ಟು ಉಳಿದದ್ದನ್ನೆಲ್ಲ ಕಲಸಿದ್ದೆ. ಬೇಕೆಂದೇ ಮಾಡಿದ್ದರೂ ಇಷ್ಟು ಕರಾರುವಾಕ್ಕಾಗಿ ಆಗುತ್ತಿರಲಿಲ್ಲ. ಕಣ್ಣು ತೆರೆದು ನೋಡುವ ಧೈರ್ಯವಿಲ್ಲ ಎಂದು ನಾನು ಅಂದುಕೊಂಡ ಮನುಷ್ಯ ಇವರೇ.

ಅವತ್ತು ಸಂಜೆಯಾಗುವ ತನಕ ಇಬ್ಬರೂ ಕೂತು ಬಾಟಲಿಗಳನ್ನು ಮೊದಲಿನ ಜಾಗಕ್ಕೆ ತಂದೆವು. ಯಾವುದು ಎಲ್ಲಿತ್ತೆಂದು ನನಗೆ ಪೂರ್ತಿ ನೆನಪಿರಲಿಲ್ಲ. ನೋಟುಬುಕ್ಕಿನ ಪುಟಗಳನ್ನು ಓದಿ ಹುಡುಕಬೇಕಾಯಿತು. ಬಾಳೆ ಎಲೆಗೆ 7, ಹಾಗಾದರೆ ಕಡು ಹಸಿರು ಏಳರಲ್ಲಿತ್ತು. ಮಾವಿನ ಚಿಗುರಿಗೆ 5, ಅದು ಕಂದು. ಒಂದು ಪುಟದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ನಿಂತ ವ್ಯಾಪಾರಿಯೊಬ್ಬನ ಫೋಟೋಕ್ಕೆ ಕಾಕಾರ ಹೆಂಡತಿ ಬರೆಸಿದ್ದಿತ್ತು: ಮೆಣಸಿನಕಾಯಿಗೆ 3 ಬ್ಯಾಡ, ಅದು ತುಟೀದು. 6 ಹಚ್ಚಬೇಕು, ಒಣಗಿದ್ದಕ್ಕ ಕಪ್ಪು ಇರತೈತಿ. ಎರಡು ವರ್ಷ ಓದಿ ಡಿಪ್ಲೊಮಾ ಪಡೆದ ನನಗೆ ಒಣ ಮೆಣಸಿನಕಾಯಿಯ ಕೆಂಪಿನಲ್ಲಿರುವ ಕಪ್ಪನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಆ ಹೆಂಗಸನ್ನು ಬಸ್‌ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತದ್ದಷ್ಟೇ ಕಂಡಿದ್ದೆ.

ಮರುದಿನ ಕಾಕಾ ನೋಟುಬುಕ್ಕಿನಲ್ಲಿ ಹೊಸ ಪುಟ ತೆಗೆದು ಪೆನ್ನು ಹಿಡಿದು ಕೂತರು. "ನಿನ್ನ ಬಣ್ಣ ಹೆಂಗ ಮಾಡೂದು ಹೇಳು. ಬರಕೋತೀನಿ. ಅಂಥಾ ಮಂದಿನೂ ಬರತಾರ."

"ಮುಖಕ್ಕ 5, ಹತ್ತು ಹನಿ ನೀರು," ಎಂದು ಶುರುಮಾಡಿದೆ. "ಹಣಿಗೆ, ಮೂಗಿನ ತುದಿಗೆ ಇನ್ನ ಎರಡ ಹನಿ." ಅವರು ದುಂಡಗೆ ಬರೆದುಕೊಂಡರು. ಇದ್ದ ಬಣ್ಣವನ್ನೇ ತೋರಿಸುವ ಪುಟವೊಂದು ಸ್ಟುಡಿಯೋದಲ್ಲಿ ಸಿದ್ಧವಾಯಿತು. ಗಿರಾಕಿಗಳಿಗೆಲ್ಲ ತೋರಿಸಿ ಕೇಳಿದೆವು. ನಾನು ಇರುವ ತನಕ ಆ ಪುಟ ಬೇಕೆಂದವರು ಒಬ್ಬರೂ ಬರಲಿಲ್ಲ.

ಕಲಘಟಗಿಯವರು ಒಪ್ಪಿಗೆ ಎಂದು ಬರೆದರು. ಮದುವೆಗೆ ಮುಂಚೆ ಧಾರವಾಡದಿಂದ ನೇಮಕಾತಿ ಪತ್ರವೂ ಬಂತು. ಅತ್ತೆಗೆ ನನಗೆಂದೂ ಕಾಮಾಲೆ ಆಗಿರಲಿಲ್ಲ ಎಂದು ಎಷ್ಟೋ ಸಲ ಹೇಳಿದ್ದೇನೆ. ನಂಬಿಲ್ಲ. "ನಾಚಬ್ಯಾಡ, ಆಗೇತಿ, ಹೋಗೇತಿ," ಅನ್ನುತ್ತಾರೆ. ಮೊದಲ ವರ್ಷವಿಡೀ ನನ್ನ ಊಟದಲ್ಲಿ ಎಣ್ಣೆ ಬೀಳದಂತೆ ನೋಡಿಕೊಂಡರು. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ನೋಡಿಕೊಂಡಿರಲಿಲ್ಲವಾದ್ದರಿಂದ ಆಮೇಲಾಮೇಲೆ ನಾನೂ ವಾದ ಬಿಟ್ಟೆ.

ಮೂರು ವರ್ಷ ಬಿಟ್ಟು ತವರಿಗೆ ಹೋದಾಗ ಸ್ಟುಡಿಯೋಕ್ಕೂ ಹೋಗಿದ್ದೆ. ಅಷ್ಟರಲ್ಲಿ ಎಲ್ಲರೂ ಕಲರ್ ಫಿಲ್ಮಿಗೆ ಬಂದಿದ್ದರು. ಕಾಕಾ ರೋಲುಗಳನ್ನು ಹುಬ್ಬಳ್ಳಿಗೆ ಕಳಿಸಿ ತೊಳೆಸಿ ತರಿಸುತ್ತಿದ್ದರು. ಬಣ್ಣ ತುಂಬುವ ಮೇಜಿನ ಮೇಲೆ ಈಗ ಲಕೋಟೆಗಳ ರಾಶಿ. ನಾವು ಮಾತಾಡುತ್ತಿರುವಾಗ ಒಬ್ಬ ಹೆಂಗಸು ಮಗಳ ಸೀಮಂತದ ಫೋಟೋ ಒಯ್ಯಲು ಬಂದಳು. ಒಂದೊಂದೇ ನೋಡುತ್ತ, "ಕಾಕಾ, ಸೀರಿ ಹಸರು ಇತ್ರಿ. ಇದರಾಗ ಹೆಂಗ ಬಂದೈತಿ, ಹಸರೋ ಕಂದೋ, ನೀವ ಹೇಳ್ರಿ," ಅಂದಳು.

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ, "ನನಗ ಹಸರು ಕೆಂಪು ತಿಳಿಯೂದಿಲ್ಲ ಯವ್ವಾ. ಹುಟ್ಟಿದಾಗಿಂದ ಕಾಣೂದಿಲ್ಲ. ನೀನ ನೋಡು," ಅಂದರು.

ಅವಳು ಗಳಿಗೆ ಹೊತ್ತು ಅವರ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಈ ವಯಸ್ಸಿನಾಗೂ ನಿಮ್ಮ ಚಾಷ್ಟಿ ಬಿಡ್ಲಿಲ್ಲ ನೋಡ್ರಿ," ಎನ್ನುತ್ತ ಫೋಟೋಗಳನ್ನು ಲಕೋಟೆಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಯಾರಿಗೋ ಅದನ್ನೇ ಹೇಳಿ ಮತ್ತೆ ನಗುವುದು ಕೇಳಿಸಿತು.

"ಇಷ್ಟ ವರ್ಷಕ್ಕ ಹೇಳಿದ್ನಿ ನೋಡು," ಅಂದರು ಕಾಕಾ. ಅವರ ಮುಖ ಹಗುರಾಗಿತ್ತು. ಚಹಾ ಹೇಳಲು ಎದ್ದು ಹೋದರು.